ಹೊಸ ನಾಯಿಮರಿ ಮನೆಗೆ ಹೊಂದಿಕೊಳ್ಳುತ್ತಿಲ್ಲವೇ? ಕಾರಣ ಹುಡುಕುವ ಕೈಪಿಡಿ

“ತುಂಬಾ ಹಟಮಾರಿ ಮರಿ.” “ಬೇಕಂತಲೇ ಮಂಚದ ಮೇಲೆ ಮಾಡುತ್ತೆ.” “ಹೇಳಿದ್ದು ಅರ್ಥ ಆಗುತ್ತೆ, ಆದ್ರೂ ಕೇಳಲ್ಲ.” ಮರಿ ಮನೆಗೆ ಬಂದ ಎರಡನೇ ವಾರಕ್ಕೆ ಈ ಮಾತುಗಳು ಶುರುವಾಗುತ್ತವೆ. ಆದರೆ ಎರಡು ತಿಂಗಳ ಮರಿಗೆ ಸೇಡು ಗೊತ್ತಿಲ್ಲ. ನಿಮ್ಮನ್ನು ಕಾಡಬೇಕು ಎಂಬ ಯೋಚನೆಯೂ ಅದಕ್ಕಿಲ್ಲ. ಅದು ಮಾಡುವ ಪ್ರತಿಯೊಂದಕ್ಕೂ ಒಂದು ಕಾರಣ ಇರುತ್ತದೆ. ಬಹಳ ಸಲ ಆ ಕಾರಣ ಮೈ, ಹೊಟ್ಟೆ, ನಿದ್ದೆ, ಹೊತ್ತು, ಜಾಗ ಇವುಗಳಲ್ಲೇ ಸಿಗುತ್ತದೆ. ಇವೆಲ್ಲ ನೋಡಿ ಮುಗಿಯುವವರೆಗೆ ಮರಿಯ ಸ್ವಭಾವವನ್ನು ದೂರಬೇಡಿ.

ಇನ್ನೊಂದು ಮಾತು. ಒಂದೇ ತೊಂದರೆಗೆ ಮೂರು ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಒಂಟಿತನಕ್ಕೆ ಅಳುವ ಮರಿಗೂ ಸುಸ್ಸು ಬಂದು ಅಳುವ ಮರಿಗೂ ಒಂದೇ ಉಪಾಯ ಮಾಡಿದರೆ ಒಂದು ಕಡೆ ಖಂಡಿತ ತಪ್ಪುತ್ತದೆ. ಅದಕ್ಕೆ ಮೊದಲು ಒಂದು ಹಾಳೆ ತೆಗೆದುಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ಮೂರು ದಿನ ಮರಿ ಎದ್ದದ್ದು, ತಿಂದದ್ದು, ಆಡಿದ್ದು, ಸುಸ್ಸು ಕಕ್ಕ ಮಾಡಿದ್ದು, ಅತ್ತದ್ದು, ಕಚ್ಚಿದ್ದು, ಮಲಗಿದ್ದು ಎಲ್ಲವನ್ನೂ ಗಂಟೆ ಸಮೇತ ಬರೆಯಿರಿ. ಯಾರು ಮನೆಯಲ್ಲಿದ್ದಾರೋ ಅವರೇ ಬರೆಯಲಿ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಹಾಳೆ ನೋಡಿಯೇ ಆಗಿಹೋಗುತ್ತವೆ.

ಎಲ್ಲಕ್ಕಿಂತ ಮೊದಲು: ಮೈ ಸರಿ ಇದೆಯಾ?

ತರಬೇತಿಯ ಮಾತು ಆಮೇಲೆ. ಮರಿ ಮಂಕಾಗಿದೆ, ಒಂದು ಹೊತ್ತು ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ, ಭೇದಿಯಲ್ಲಿ ರಕ್ತ ಇದೆ ಅಂದರೆ ನಾಳೆವರೆಗೆ ಕಾಯಬೇಡಿ. ಇವು ಪಾರ್ವೊ ವೈರಸ್‌ನ ಲಕ್ಷಣಗಳಾಗಿರಬಹುದು. ಪಾರ್ವೊದಲ್ಲಿ ಮರಿಯ ಮೈಯಲ್ಲಿನ ನೀರು ಬೇಗ ಬತ್ತಿಹೋಗುತ್ತದೆ. ಒಂದು ರಾತ್ರಿ ತಡವಾದರೂ ಜೀವಕ್ಕೆ ಅಪಾಯ. ಕಣ್ಣು ಮೂಗಿನಿಂದ ಗಟ್ಟಿ ಸೋರಿಕೆ, ಕೆಮ್ಮು, ಜ್ವರ ಒಟ್ಟಿಗೆ ಬಂದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಇರಬಹುದು. ಜ್ವರ ಬಂದು ಒಸಡು ಬಿಳಿಚಿಕೊಂಡಿದ್ದರೆ ಉಣ್ಣೆ ಹುಳು (ಟಿಕ್) ಕಚ್ಚಿ ಬರುವ ಉಣ್ಣೆ ಜ್ವರದ ಅನುಮಾನ ಪಡಬೇಕು. ಬೆಂಗಳೂರಿನಲ್ಲಿ ಉಣ್ಣೆ ಕಾಟಕ್ಕೆ ಇಂಥದ್ದೇ ಕಾಲ ಅಂತ ಇಲ್ಲ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಕುತ್ತಿಗೆಯ ಹಿಂದಿನ ಚರ್ಮ ಎಳೆದು ಬಿಟ್ಟರೆ ತಟ್ಟನೆ ಕೂರಬೇಕು. ಎರಡರಲ್ಲಿ ಯಾವುದು ತಡವಾದರೂ ಆಟೊ ಹಿಡಿಯಿರಿ. ಹತ್ತಿರದಲ್ಲಿ ಕ್ಲಿನಿಕ್ ಇಲ್ಲದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರಾತ್ರಿ ಹೊತ್ತು ಯಾವ ಕ್ಲಿನಿಕ್ ತೆರೆದಿರುತ್ತದೆ ಎಂದು ಮರಿ ಆರೋಗ್ಯವಾಗಿದ್ದಾಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಲಸಿಕೆ ಪುಸ್ತಕವನ್ನೂ ತೆಗೆದು ನೋಡಿ. ಸಾಮಾನ್ಯವಾಗಿ ಮೊದಲ ಲಸಿಕೆ 6ರಿಂದ 8 ವಾರಕ್ಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಇಷ್ಟು ಸಲ ಯಾಕೆ ಅಂತ ಕೇಳುವವರಿದ್ದಾರೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಮುಗಿಯುತ್ತದೆ ಎಂದು ಹೇಳಲಾಗದು. ಹಾಗಾಗಿ “ಒಂದು ಡೋಸ್ ಆಗಿದೆ ಸಾರ್, ಸಾಕು” ಎಂಬ ಮಾರಾಟಗಾರರ ಮಾತನ್ನು ನಂಬಬೇಡಿ. ಜಂತುಹುಳು ಔಷಧಿಯೂ ಅಷ್ಟೇ. ಹೊಟ್ಟೆ ಉಬ್ಬಿ, ಮೈ ಒಣಗಿ, ಎಷ್ಟು ತಿಂದರೂ ಹಸಿವು ಅನ್ನುವ ಮರಿಗೆ ಮೊದಲು ಜಂತುಹುಳುವನ್ನೇ ಅನುಮಾನಿಸಬೇಕು.

ರಾತ್ರಿಯಿಡೀ ಅಳುತ್ತದೆ

ಮೊದಲ ಮೂರು ನಾಲ್ಕು ರಾತ್ರಿ ಅಳುವುದು ಸಹಜ. ತಾಯಿ ಮತ್ತು ಒಡಹುಟ್ಟಿದವರ ಮೈಗೆ ಮೈ ತಾಗಿಸಿಕೊಂಡು ಮಲಗುತ್ತಿದ್ದ ಜೀವ ಅದು. ಹೊಸ ವಾಸನೆ, ಹೊಸ ಸದ್ದು, ತಣ್ಣನೆಯ ಟೈಲ್ಸ್ ನೆಲ. ಇಲ್ಲಿ ನೋಡಬೇಕಾದ್ದು ಅಳು ಯಾವಾಗ ಶುರುವಾಗುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎನ್ನುವುದು.

ಲೈಟ್ ಆರಿಸಿದ ಕೂಡಲೇ ಶುರುವಾಗಿ, ನೀವು ಹತ್ತಿರ ಕೂತರೆ ನಿಂತರೆ ಅದು ಒಂಟಿತನ. ಹಾಸಿಗೆಯನ್ನು ಅಥವಾ ಕ್ರೇಟನ್ನು (ಮರಿ ಮಲಗುವ ಗೂಡು) ನಿಮ್ಮ ಮಂಚದ ಪಕ್ಕಕ್ಕೇ ತನ್ನಿ. ಕೈ ಇಳಿಬಿಟ್ಟರೆ ಮರಿಗೆ ತಾಗುವಷ್ಟು ಹತ್ತಿರ. ಒಂದು ಹಳೆಯ ಕಾಟನ್ ಸೀರೆಯೋ ನೀವು ತೊಟ್ಟ ಬನಿಯನ್ನೋ ಒಳಗೆ ಹಾಕಿ. ಮರಿ ನೆಮ್ಮದಿಯಾಗಿ ಮಲಗುವುದು ಅಭ್ಯಾಸವಾದ ಮೇಲೆ ದಿನಕ್ಕೆ ಒಂದೊಂದು ಮೊಳ ದೂರ ಸರಿಸುತ್ತಾ, ಕೊನೆಗೆ ನಿಮಗೆ ಬೇಕಾದ ಜಾಗಕ್ಕೆ ಒಯ್ಯಬಹುದು. “ಅಳಲಿ ಬಿಡಿ, ಎರಡು ದಿನಕ್ಕೆ ಸುಮ್ಮನಾಗುತ್ತೆ” ಎಂದು ಯುಟಿಲಿಟಿಯಲ್ಲಿ ಹಾಕಿ ಬಾಗಿಲು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಸುಮ್ಮನಾಗುವುದು ನಿಜ. ಆದರೆ ಕರೆದರೆ ಯಾರೂ ಬರುವುದಿಲ್ಲ ಎಂದು ಕಲಿತು ಸುಮ್ಮನಾಗಿರುತ್ತದೆ. ಮುಂದೆ ಒಂಟಿಯಾಗಿ ಬಿಟ್ಟಾಗ ಬಾಗಿಲು ಕೆರೆಯುವ ನಾಯಿಗಳಲ್ಲಿ ಎಷ್ಟೋ ಹೀಗೆ ಶುರುವಾದವು.

ಚೆನ್ನಾಗಿ ಮಲಗಿದ್ದು, ರಾತ್ರಿ ಎರಡು ಮೂರು ಗಂಟೆಗೆ ಎದ್ದು ಚಡಪಡಿಸಿ ಅತ್ತರೆ ಅದು ಸುಸ್ಸು. ಕೂಡಲೇ ಎತ್ತಿಕೊಂಡು ಹೋಗಿ. ದೊಡ್ಡ ಲೈಟ್ ಹಾಕಬೇಡಿ, ಮಾತು ಬೇಡ, ಆಟ ಬೇಡ. ಕೆಲಸ ಮುಗಿಸಿ ಮತ್ತೆ ಮಲಗಿಸಿ. ಇಲ್ಲದಿದ್ದರೆ ಮೂರು ಗಂಟೆ ಎಂದರೆ ಆಟದ ಹೊತ್ತು ಎಂದು ಕಲಿಯುತ್ತದೆ.

ಅಳುವ ಜೊತೆ ಏದುಸಿರು ಬಿಡುತ್ತಾ ತಣ್ಣನೆಯ ನೆಲ ಹುಡುಕಿದರೆ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿದ ಕ್ರೇಟ್ ಮೇಲೆ ದಪ್ಪ ಹೊದಿಕೆ ಹಾಕುವವರು ಇದನ್ನು ಮರೆಯುತ್ತಾರೆ. ಮೂತಿ ಚಪ್ಪಟೆ ಇರುವ ಪಗ್‌ನಂಥ ತಳಿಗಳಿಗೆ ಸೆಕೆ ಇನ್ನೂ ಕಷ್ಟ. ಬೆಳಗಿನ ಜಾವದ ಅಳು ಮಾತ್ರ ಹೆಚ್ಚಾಗಿ ಹಸಿವು ಅಥವಾ ಹಾಲು, ಪೇಪರ್ ಹಾಕುವವರ ಸದ್ದು. ರಾತ್ರಿಯ ಊಟ ಸ್ವಲ್ಪ ತಡ ಮಾಡಿ ನೋಡಿ.

ಮನೆಯೊಳಗೇ ಸುಸ್ಸು ಮಾಡುತ್ತದೆ

ಅತಿ ಹೆಚ್ಚು ಮನೆಗಳಲ್ಲಿ ಕೇಳಿಬರುವ ದೂರು ಇದೇ. ಮರಿ ವಾಪಸ್ ಕೊಡುವ ಮಾತೂ ಬಹಳ ಸಲ ಇದರಿಂದಲೇ ಹುಟ್ಟುತ್ತದೆ. ಅದಕ್ಕೆ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಲೆಕ್ಕ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಹೆಚ್ಚೆಂದರೆ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಸುಮ್ಮನೆ ಮಲಗಿದ್ದರೆ. ಎದ್ದು ಆಡುತ್ತಿರುವ ಮರಿಗೆ ಮುಕ್ಕಾಲು ಗಂಟೆಯೂ ಜಾಸ್ತಿಯೇ. ನಿಮ್ಮ ಹಾಳೆಯಲ್ಲಿ ಎರಡು ಸುಸ್ಸುಗಳ ನಡುವಿನ ಅಂತರ ನೋಡಿ. ನೀವು ಹೊರಗೆ ಕರೆದೊಯ್ಯುವ ಅಂತರ ಅದಕ್ಕಿಂತ ದೊಡ್ಡದಿದ್ದರೆ ದೋಷ ಅಲ್ಲೇ ಸಿಕ್ಕಿತು. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಹತ್ತು ಹದಿನೈದು ನಿಮಿಷಕ್ಕೆ, ಆಟದ ನಡುವೆ. ಈ ಮೂರು ಹೊತ್ತು ತಪ್ಪಿಸದಿದ್ದರೆ ಅರ್ಧ ತೊಂದರೆ ಮುಗಿಯಿತು.

ಹೊರಗೆ ಕರೆದುಕೊಂಡು ಹೋದಾಗ ಏನೂ ಮಾಡದೆ, ಮನೆಯೊಳಗೆ ಕಾಲಿಟ್ಟ ತಕ್ಷಣ ಮಾಡುತ್ತದೆಯೇ? ಇದಕ್ಕೆ ಎರಡು ಕಾರಣ ಇರುತ್ತದೆ. ಒಂದು, ಹೊರಗೆ ಹೆದರಿಕೆ. ಸ್ಕೂಟರ್, ಬೀದಿ ನಾಯಿ, ಕಸದ ಆಟೊ. ಹೆದರಿದ ಮರಿ ಬಾಲ ಮುದುಡಿ ನಿಲ್ಲುತ್ತದೆಯೇ ಹೊರತು ಕೂರುವುದಿಲ್ಲ. ಇನ್ನೊಂದು, ಹೊರಗೆ ಆಟ ಜಾಸ್ತಿ. ಸುಸ್ಸು ಮಾಡಿದ ತಕ್ಷಣ ನೀವು ವಾಪಸ್ ಎಳೆದುಕೊಂಡು ಬಂದರೆ, ಮಾಡಿದರೆ ಮಜಾ ಮುಗಿಯುತ್ತದೆ ಎಂದು ಮರಿ ಕಲಿಯುತ್ತದೆ. ಬಾಲ ನೋಡಿದರೆ ಯಾವುದು ಎಂದು ತಿಳಿಯುತ್ತದೆ. ಹೆದರಿದ ಮರಿಯನ್ನು ಗದ್ದಲವಿಲ್ಲದ ಮೂಲೆಗೆ, ದಿನವೂ ಅದೇ ಜಾಗಕ್ಕೆ ಕರೆದೊಯ್ಯಿರಿ. ಆಟದ ಮರಿಗೆ ಸುಸ್ಸು ಆದ ಮೇಲೆಯೇ ಐದು ನಿಮಿಷ ಆಟ ಕೊಡಿ.

ಕಾಲೊರೆಸುವ ಮ್ಯಾಟ್, ಜಮಖಾನ, ಹಾಸಿಗೆಯ ಮೇಲೇ ಮಾಡುತ್ತದೆಯೇ? ಚಿಕ್ಕಂದಿನಲ್ಲಿ ಕಾಲಿಗೆ ಅಭ್ಯಾಸವಾದ ನೆಲವನ್ನೇ ಮರಿ ಹುಡುಕುತ್ತದೆ. ಬಟ್ಟೆಯ ಮೇಲೆ, ಮೆತ್ತನೆಯ ಪ್ಯಾಡ್ ಮೇಲೆ ಕಲಿತ ಮರಿಗೆ ಮ್ಯಾಟ್ ಕೂಡ ಅದೇ. ಬೈದು ಉಪಯೋಗವಿಲ್ಲ. ಒಂದು ತಿಂಗಳು ಮ್ಯಾಟ್‌ಗಳನ್ನೆಲ್ಲ ಎತ್ತಿಡಿ. ನಾಲ್ಕನೇ ಮಹಡಿಯಲ್ಲಿದ್ದು ಲಿಫ್ಟ್‌ಗೆ ಕಾಯುವುದರೊಳಗೆ ಆಗಿಹೋಗುತ್ತದೆ ಎನ್ನುವವರು ಬಾಲ್ಕನಿಯಲ್ಲಿ ಒಂದು ಅಗಲವಾದ ಟ್ರೇಗೆ ಮಣ್ಣು ತುಂಬಿ, ಮೇಲೆ ನರ್ಸರಿಯಲ್ಲಿ ಸಿಗುವ ಹುಲ್ಲಿನ ಹಾಸು ಇಡಿ. ಮುಂದೆ ಹೊರಗಿನ ಹುಲ್ಲಿಗೆ ದಾಟಿಸುವುದು ಸುಲಭವಾಗುತ್ತದೆ. ಲಸಿಕೆ ಮುಗಿಯದ ಮರಿಗೆ ಬೀದಿಯ ಮಣ್ಣಿಗಿಂತ ಇದೇ ಸುರಕ್ಷಿತ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಆ ಟ್ರೇಗೆ ರಸ್ತೆ ಬದಿಯ ಮಣ್ಣು ಮಾತ್ರ ತರಬೇಡಿ.

ಒಂದೇ ಮೂಲೆಯಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ ವಾಸನೆ ಉಳಿದಿದೆ. ಫಿನೈಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ಹೋದಂತೆ ಅನ್ನಿಸುತ್ತದೆ, ಮರಿಯ ಮೂಗಿಗೆ ಹೋಗಿರುವುದಿಲ್ಲ. ಕೆಲವು ಬಗೆಯ ಫಿನೈಲ್ ಕಾಲಿಗೆ ಅಂಟಿ ನಾಲಿಗೆಗೆ ಹೋದರೆ ಮರಿಗೆ ವಿಷವೂ ಹೌದು. ಮೊದಲು ಒಣ ಬಟ್ಟೆಯಲ್ಲಿ ಹೀರಿಸಿ, ನೀರಿನಲ್ಲಿ ತೊಳೆದು, ಆಮೇಲೆ ಪೆಟ್ ಶಾಪ್‌ನಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ. ಅದು ಸಿಗುವವರೆಗೆ ನೀರು ಬೆರೆಸಿದ ವಿನೆಗರ್ ಆದೀತು.

ಸೋಫಾ ಹಿಂದೆ, ಮಂಚದ ಕೆಳಗೆ ಬಚ್ಚಿಟ್ಟುಕೊಂಡು ಮಾಡುವ ಮರಿ ನಿಮಗೆ ಹೆದರಿದೆ. ಮೂತಿಯನ್ನು ಸುಸ್ಸಿಗೆ ಉಜ್ಜುವುದು, ಪೇಪರ್ ಸುರುಳಿಯಿಂದ ಹೊಡೆಯುವುದು ಆ ಮನೆಯಲ್ಲಿ ನಡೆದಿರುತ್ತದೆ. ಮರಿ ಕಲಿತದ್ದು ಇಷ್ಟೇ: ಇವರ ಎದುರಿಗೆ ಮಾಡಬಾರದು. ಆಮೇಲೆ ಹೊರಗೆ ಕರೆದುಕೊಂಡು ಹೋದರೂ ನಿಮ್ಮ ಎದುರಿಗೆ ಮಾಡುವುದಿಲ್ಲ. ಹೊಡೆತ ನಿಲ್ಲಿಸಿ. ಸರಿಯಾದ ಜಾಗದಲ್ಲಿ ಮಾಡಿದ ಒಂದೆರಡು ಸೆಕೆಂಡಿನೊಳಗೆ ತಿಂಡಿ ಕೊಡಿ. ಮನೆಗೆ ಬಂದು ಡಬ್ಬಿ ತೆಗೆದು ಕೊಟ್ಟರೆ, ಡಬ್ಬಿಯ ಹತ್ತಿರ ಬಂದದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ.

ನೀವು ಆಫೀಸಿನಿಂದ ಬಂದಾಗ, ಬಗ್ಗಿ ಮಾತಾಡಿಸಿದಾಗ ನಾಲ್ಕು ಹನಿ ಬೀಳುತ್ತದೆಯೇ? ಅದು ಖುಷಿಗೋ ಅಂಜಿಕೆಗೋ ಆಗುವುದು. ತಡೆಯುವುದು ಮರಿಯ ಕೈಯಲ್ಲಿಲ್ಲ. ಮೇಲಿನಿಂದ ಬಗ್ಗಬೇಡಿ. ಪಕ್ಕಕ್ಕೆ ತಿರುಗಿ ಕೂತು, ಅದೇ ಹತ್ತಿರ ಬರಲಿ. ದೊಡ್ಡದಾಗುತ್ತಾ ಬಹುತೇಕ ಮರಿಗಳಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಗಳಿಗೆಗೊಮ್ಮೆ ಕೂತು ತೊಟ್ಟು ತೊಟ್ಟು ಮಾಡುವುದು, ಆ ಜಾಗ ನೆಕ್ಕುತ್ತಲೇ ಇರುವುದು, ನಿದ್ದೆಯಲ್ಲಿ ಸೋರುವುದು ತರಬೇತಿಯ ವಿಷಯವಲ್ಲ. ಡಾಕ್ಟರ್ ನೋಡಬೇಕು.

ಕಚ್ಚುತ್ತದೆ

ಮರಿ ಬಾಯಿಯಿಂದಲೇ ಲೋಕ ನೋಡುತ್ತದೆ. ಪ್ರಶ್ನೆ ಯಾವಾಗ ಜಾಸ್ತಿ ಎನ್ನುವುದು. ಹಾಳೆ ತೆಗೆಯಿರಿ. ಸಂಜೆ ಏಳರಿಂದ ಒಂಬತ್ತರ ನಡುವೆ ಕಚ್ಚಾಟ ಜೋರಾಗಿದ್ದು, ಆ ದಿನ ಮಧ್ಯಾಹ್ನ ನಿದ್ದೆ ಕಡಿಮೆಯಿದ್ದರೆ ಮರಿಗೆ ಬೇಕಿರುವುದು ನಿದ್ದೆ. ಇದನ್ನು ಜನ ನಂಬುವುದೇ ಇಲ್ಲ. “ಎನರ್ಜಿ ಜಾಸ್ತಿ, ಇನ್ನೂ ಓಡಿಸಿ” ಅನ್ನುತ್ತಾರೆ. ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಮಕ್ಕಳು ಸ್ಕೂಲಿನಿಂದ ಬಂದು, ಪಕ್ಕದ ಮನೆಯವರು ನೋಡಲು ಬಂದು, ಟೀವಿ ಹಾಕಿ, ಮರಿಯನ್ನು ಕೈಯಿಂದ ಕೈಗೆ ಆಡಿಸಿದರೆ ಅದಕ್ಕೆ ಮಲಗಲು ಬಿಡುವೆಲ್ಲಿ? ಒಂದು ಗಂಟೆ ಎಚ್ಚರವಿದ್ದರೆ ಒಂದೂವರೆ, ಎರಡು ಗಂಟೆ ಕತ್ತಲ ಕೋಣೆಯಲ್ಲಿ ಮಲಗಿಸಿ. ಮೂರು ದಿನ ಹೀಗೆ ಮಾಡಿ. ಕಚ್ಚುವುದು ಇಳಿದರೆ ಕಾರಣ ಖಚಿತವಾಯಿತು.

ನಿದ್ದೆ ಸರಿಯಿದ್ದೂ ಕಚ್ಚುತ್ತಿದ್ದರೆ ವಯಸ್ಸು ನೋಡಿ. ಮೂರೂವರೆ, ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳಲು ಶುರುವಾಗುತ್ತದೆ. 28 ಹಾಲುಹಲ್ಲು ಹೋಗಿ 42 ದೊಡ್ಡ ಹಲ್ಲು ಬರಲು ಆರು, ಏಳು ತಿಂಗಳಾಗುತ್ತದೆ. ಆಗ ಒಸಡು ನವೆಯಾಗುತ್ತದೆ. ಫ್ರಿಜ್‌ನಲ್ಲಿಟ್ಟ ದೊಡ್ಡ ಕ್ಯಾರೆಟ್, ಒದ್ದೆ ಮಾಡಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟ ಬಟ್ಟೆ ಕೊಡಿ. ನೀವು ಎದುರಿಗೆ ಇರುವಾಗ ಮಾತ್ರ.

ನೈಟಿಯ ಅಂಚು, ಸೀರೆಯ ಸೆರಗು, ಓಡುವ ಮಕ್ಕಳ ಕಾಲು. ಇಲ್ಲಿ ಕಾರಣ ಚಲನೆ. ಎಳೆದಷ್ಟೂ, ಕಿರುಚಿದಷ್ಟೂ ಆಟ ಜೋರಾಗುತ್ತದೆ. ಕಂಬದ ಹಾಗೆ ನಿಂತುಬಿಡಿ. ಬಿಟ್ಟಾಗ ಕಚ್ಚಬಹುದಾದ ಆಟಿಕೆ ಕೊಡಿ.

ಇನ್ನು, ಯಾವ ಹೊತ್ತಿನಲ್ಲೂ ತೀರಾ ಗಟ್ಟಿಯಾಗಿ ಕಚ್ಚುವ ಮರಿಯನ್ನು ಎಷ್ಟನೇ ವಾರಕ್ಕೆ ತಂದಿರಿ ಎಂದು ನೆನಪಿಸಿಕೊಳ್ಳಿ. ನಮ್ಮಲ್ಲಿ ಮೂವತ್ತು ದಿನದ ಮರಿಯನ್ನು ನಲವತ್ತೈದು ದಿನದ್ದು ಎಂದು ಮಾರುವುದು ನಡೆಯುತ್ತಲೇ ಇದೆ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಷ್ಟು ಗಟ್ಟಿ ಕಚ್ಚಿದರೆ ನೋವಾಗುತ್ತದೆ ಎಂದು ಮರಿಗಳು ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗ. ಬೇಗ ಬಿಡಿಸಿ ತಂದ ಮರಿಗೆ ಆ ಪಾಠ ಆಗಿರುವುದಿಲ್ಲ. ನೀವು ತಾಳ್ಮೆಯಿಂದ ಕಲಿಸಬೇಕು. ಗಟ್ಟಿ ಕಚ್ಚಿದ ಪ್ರತಿ ಸಲವೂ ಆಟ ಅರ್ಧ ನಿಮಿಷ ನಿಲ್ಲಬೇಕು. ಲಸಿಕೆ ಪಡೆದ, ಶಾಂತ ಸ್ವಭಾವದ ದೊಡ್ಡ ನಾಯಿಯ ಸಂಗ ಸಿಕ್ಕರೆ ಇನ್ನೂ ಒಳ್ಳೆಯದು.

ಊಟದ ತಟ್ಟೆಯ ಹತ್ತಿರ ಮೈ ಬಿಗಿ ಮಾಡಿ ಗುರ್ ಎಂದರೆ ಅದು ಬೇರೆ ವಿಷಯ. ತಟ್ಟೆ ಕಿತ್ತುಕೊಂಡು “ಯಾರು ಯಜಮಾನ” ಎಂದು ತೋರಿಸಲು ಹೋಗಬೇಡಿ. ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೇ ಅದು ಗುರುಗುಟ್ಟುವುದು. ತಿನ್ನುವಾಗ ದೂರದಿಂದಲೇ ಒಂದು ಚೂರು ಚಿಕನ್ ತಟ್ಟೆಗೆ ಎಸೆದು ಹೋಗಿ. ನಿಮ್ಮ ಹೆಜ್ಜೆ ಸದ್ದಿಗೆ ಬಾಲ ಅಲ್ಲಾಡಲು ಶುರುವಾದರೆ ಸರಿದಾರಿಯಲ್ಲಿದ್ದೀರಿ.

ಹಲ್ಲು ತಾಗಿ ಚರ್ಮ ಹರಿದರೆ, ಚಿಕ್ಕ ಮರಿ ತಾನೇ ಎಂದು ಬಿಡಬೇಡಿ. ಸೋಪು ಹಾಕಿ ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಡಾಕ್ಟರ್ ಹತ್ತಿರ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಅದಕ್ಕೆ ಮುಂಚೆ ಲಸಿಕೆ ಇದೆ.

ಎಲ್ಲದಕ್ಕೂ ಹೆದರುತ್ತದೆ

ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ನೋಡಿದ್ದು, ಕೇಳಿದ್ದು ಮಾಮೂಲು ಅನ್ನಿಸಿಬಿಡುತ್ತದೆ. ಆಮೇಲೆ ಹೊಸದೆಲ್ಲ ಅನುಮಾನ. ಕಷ್ಟ ಏನೆಂದರೆ ಲಸಿಕೆ ಮುಗಿಯುವುದು 16ನೇ ವಾರಕ್ಕೆ. ಅಲ್ಲಿಯವರೆಗೆ ಮನೆಯೊಳಗೇ ಇಟ್ಟರೆ ಈ ಕಾಲ ಕಳೆದೇ ಹೋಗಿರುತ್ತದೆ. ಐದು ತಿಂಗಳಿಗೆ ಮೊದಲ ಸಲ ರಸ್ತೆಗೆ ಇಳಿದ ಮರಿ ಬಸ್ ಸದ್ದಿಗೆ ನೆಲಕ್ಕೆ ಅಂಟಿ ಕೂತರೆ ತಪ್ಪು ಅದರದಲ್ಲ.

ದಾರಿ ಇದೆ. ಎತ್ತಿಕೊಂಡು ಹೋಗಿ. ಗೇಟಿನ ಬಳಿ ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಟ್ರಾಫಿಕ್ ತೋರಿಸಿ. ಆಟೊದಲ್ಲಿ ಒಂದು ಸುತ್ತು ಬನ್ನಿ. ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ, ಛತ್ರಿ, ತಳ್ಳುಗಾಡಿ, ಸೈಕಲ್ ಎಲ್ಲವನ್ನೂ ದೂರದಿಂದ ನೋಡಲಿ. ನೋಡಿದಾಗಲೆಲ್ಲ ಬಾಯಿಗೆ ಒಂದು ಚೂರು ತಿಂಡಿ. ನೆಲಕ್ಕೆ ಬಿಡಬೇಡಿ, ಗುರುತಿಲ್ಲದ ನಾಯಿಗಳನ್ನು ಮುಟ್ಟಿಸಬೇಡಿ. ಮನೆಯೊಳಗೂ ಕೆಲಸ ಇದೆ. ಮಿಕ್ಸಿ, ಕುಕ್ಕರ್ ವಿಷಲ್, ಪೂಜೆಯ ಗಂಟೆ, ಕಾಲಿಂಗ್ ಬೆಲ್. ಮಿಕ್ಸಿ ಹಾಕುವ ಮೊದಲು ಮರಿಯನ್ನು ದೂರದ ಕೋಣೆಗೆ ಕಳಿಸಿ, ಅಲ್ಲಿ ಊಟ ಕೊಡಿ. ದಿನ ಕಳೆದಂತೆ ಹತ್ತಿರ ತನ್ನಿ.

ಹೆದರಿಕೆಯ ಅಳತೆ ಸುಲಭ. ಅಚ್ಚುಮೆಚ್ಚಿನ ತಿಂಡಿಯನ್ನೂ ಬಾಯಿಗೆ ತೆಗೆದುಕೊಳ್ಳದಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ. “ಅಭ್ಯಾಸ ಆಗಲಿ” ಎಂದು ಅಲ್ಲೇ ಹಿಡಿದು ನಿಲ್ಲಿಸಿದರೆ ಭಯ ಬೇರೂರುತ್ತದೆ. ದೀಪಾವಳಿಗೆ ಸ್ವಲ್ಪ ಮುಂಚೆ ಮರಿ ತರುವ ಯೋಚನೆ ಇದ್ದರೆ ಹಬ್ಬ ಕಳೆದ ಮೇಲೆ ತನ್ನಿ ಎಂದು ಕೈಮುಗಿದು ಕೇಳುತ್ತೇನೆ. ಆಗಲೇ ತಂದಿದ್ದರೆ ಆ ಮೂರು ದಿನ ಸಂಜೆಗೆ ಮುಂಚೆಯೇ ಸುಸ್ಸು ಮುಗಿಸಿ, ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ಜೊತೆಗೇ ಇರಿ. ಅಪ್ಪಿಕೊಂಡರೆ ಭಯ ಜಾಸ್ತಿಯಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಧಾರಾಳವಾಗಿ ಅಪ್ಪಿಕೊಳ್ಳಿ.

ಹಾಲ್‌ಗೆ ಮಾತ್ರ ಬರಲು ಹೆದರಿದರೆ ನೆಲ ನೋಡಿ. ನುಣುಪಾದ ಟೈಲ್ಸ್ ಮೇಲೆ ಕಾಲು ಜಾರಿರುತ್ತದೆ. ರಬ್ಬರ್ ಮ್ಯಾಟ್ ಹಾಸಿ.

ಹೇಳಿದ ಮಾತು ಕೇಳುವುದಿಲ್ಲ

ಮರಿಯನ್ನು ಬಿಡಿ, ಮೊದಲು ಮನೆಯವರನ್ನು ಕೂರಿಸಿಕೊಂಡು ಕೇಳಿ. ಕೂರಲು ಅಜ್ಜಿ “ಕೂತ್ಕೋ ಮರೀ” ಅನ್ನುತ್ತಾರೆ, ಮೊಮ್ಮಗ “ಸಿಟ್” ಅನ್ನುತ್ತಾನೆ, ಮನೆಕೆಲಸದಕ್ಕ ತಮಿಳಿನಲ್ಲಿ ಗದರುತ್ತಾರೆ. ಒಂದೇ ಕೆಲಸಕ್ಕೆ ಮೂರು ಮಾತು. ಅಪ್ಪ ಸೋಫಾ ಹತ್ತಬಾರದು ಅನ್ನುತ್ತಾರೆ, ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ಸೋಫಾ ಮೇಲೆ ತೊಡೆಯಲ್ಲೇ ಮಲಗಿಸಿಕೊಳ್ಳುತ್ತಾರೆ. ಯಾವ ಮಾತಾದರೂ ಸರಿ, ಎಲ್ಲರೂ ಅದನ್ನೇ ಹೇಳಬೇಕು. ಯಾವ ನಿಯಮವಾದರೂ ಸರಿ, ಎಲ್ಲರಿಗೂ ಒಂದೇ ಇರಬೇಕು. ಅದನ್ನೂ ಫ್ರಿಜ್ ಮೇಲಿನ ಹಾಳೆಯಲ್ಲಿ ಬರೆಯಿರಿ.

ಕರೆದರೆ ಬರುವುದಿಲ್ಲ ಎಂದರೆ, ಈ ವಾರ ಹೆಸರು ಹಿಡಿದು ಯಾವುದಕ್ಕೆಲ್ಲ ಕರೆದಿರಿ ಎಂದು ನೆನೆಸಿಕೊಳ್ಳಿ. ಸ್ನಾನಕ್ಕೆ, ಬೈಯಲು, ಕ್ರೇಟ್‌ಗೆ ಹಾಕಲು, ಚಪ್ಪಲಿ ಕಿತ್ತುಕೊಳ್ಳಲು? ಹಾಗಿದ್ದರೆ ಬರದಿರುವುದೇ ಸರಿ ಅಲ್ವಾ? ಹದಿನೈದು ದಿನ ಒಳ್ಳೆಯದಕ್ಕೆ ಮಾತ್ರ ಹೆಸರು ಕರೆಯಿರಿ. ಬೇಡದ ಕೆಲಸಕ್ಕೆ ನೀವೇ ಎದ್ದು ಹೋಗಿ ಎತ್ತಿಕೊಂಡು ಬನ್ನಿ. ಪಾಠ ಮೂರರಿಂದ ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ, ಊಟಕ್ಕೆ ಮುಂಚೆ. ತಿಂಡಿ ಕಡಲೆಕಾಳಿನಷ್ಟು ಸಾಕು. ಬೇಯಿಸಿದ ಚಿಕನ್, ಪನೀರ್, ಕ್ಯಾರೆಟ್. ಮನೆಯಲ್ಲಿ ಕೇಳಿ ಹೊರಗೆ ಕೇಳದಿದ್ದರೆ ಮರಿ ಮರೆತಿಲ್ಲ. ಕಲಿತ ಜಾಗದಲ್ಲಿ ಮಾತ್ರ ಅದಕ್ಕೆ ಗೊತ್ತು. ಕಾರಿಡಾರ್, ಟೆರೇಸ್, ಪಾರ್ಕಿಂಗ್, ಆಮೇಲೆ ರಸ್ತೆ. ಪ್ರತಿ ಕಡೆ ಮೊದಲಿನಿಂದ ಕಲಿಸಬೇಕು.

ಬೆಲ್ಟ್ ಎಳೆಯುವುದಕ್ಕೂ ಇದೇ ದಾರಿ. ಎಳೆದಾಗ ನಿಲ್ಲಿ, ಹಗ್ಗ ಸಡಿಲವಾದಾಗ ನಡೆಯಿರಿ. ಕುತ್ತಿಗೆಗೆ ಬೀಳುವ ಭಾರ ತಪ್ಪಿಸಲು ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಬೇಸಿಗೆಯಲ್ಲಿ ಹೊರಡುವ ಮುಂಚೆ ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಏಳು ಸೆಕೆಂಡ್ ಇಡಲಾಗದಿದ್ದರೆ ಮರಿಯ ಪಾದಕ್ಕೂ ಸುಡುತ್ತದೆ.

ಒಂಟಿಯಾಗಿ ಬಿಟ್ಟರೆ ಬೊಗಳುತ್ತದೆ

ಇದನ್ನು ಊಹೆಯಿಂದ ಹೇಳಲಾಗದು. ಹಳೆಯ ಫೋನ್ ಒಂದನ್ನು ಕಪಾಟಿನ ಮೇಲಿಟ್ಟು ವಿಡಿಯೊ ಹಾಕಿ, ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ. ಲಿಫ್ಟ್ ಸದ್ದು, ಡೆಲಿವರಿ ಹುಡುಗರ ಹೆಜ್ಜೆಗೆ ಮಾತ್ರ ಬೊಗಳಿ ಮತ್ತೆ ಮಲಗಿದರೆ ಅದು ಕಾವಲು. ಬಾಗಿಲಿನಿಂದ ದೂರದ ಕೋಣೆಗೆ ಹಾಸಿಗೆ ಸರಿಸಿ, ಫ್ಯಾನ್ ಅಥವಾ ರೇಡಿಯೊ ಹಾಕಿ ಹೋಗಿ. ಅರ್ಧ ಗಂಟೆ ಆರಾಮಾಗಿದ್ದು ಆಮೇಲೆ ಚಪ್ಪಲಿ, ಸೋಫಾ ಮೂಲೆ ಕಡಿಯಲು ಶುರು ಮಾಡಿದರೆ ಬೇಜಾರು. ಹೋಗುವ ಮುಂಚೆ ಆಟ, ಸುಸ್ಸು ಮುಗಿಸಿ, ಕಡಿಯಲು ಏನಾದರೂ ಕೊಟ್ಟು ಹೋಗಿ. ನೀವು ಬಾಗಿಲು ಹಾಕಿದ ಐದು ನಿಮಿಷದಲ್ಲೇ ಊಳಿಟ್ಟು, ಜೊಲ್ಲು ಸುರಿಸಿ, ಬಾಗಿಲು ಕೆರೆದರೆ ಅದು ನಿಜವಾದ ಸಂಕಟ. ಅದಕ್ಕೆ ಸೆಕೆಂಡುಗಳಿಂದ ಶುರು ಮಾಡಬೇಕು. ಬಾಗಿಲು ಹಾಕಿ, ಅಳುವ ಮೊದಲೇ ತೆಗೆಯಿರಿ. ಹತ್ತು ಸೆಕೆಂಡ್, ಅರ್ಧ ನಿಮಿಷ, ಎರಡು ನಿಮಿಷ. ಮರಿ ನೆಮ್ಮದಿಯಾಗಿದ್ದರೆ ಮಾತ್ರ ಮುಂದಕ್ಕೆ.

ಶನಿವಾರ ಮರಿ ತಂದು ಸೋಮವಾರ ಒಂಬತ್ತು ಗಂಟೆ ಬಿಟ್ಟು ಆಫೀಸಿಗೆ ಹೋಗುವುದು ಬೆಂಗಳೂರಿನಲ್ಲಿ ಬಹಳ. ದಯವಿಟ್ಟು ಬೇಡ. ಒಂದೆರಡು ವಾರ ರಜೆ ಇಲ್ಲವೇ ಮನೆಯಿಂದ ಕೆಲಸ ಹೊಂದಿಸಿಕೊಂಡ ಮೇಲೆಯೇ ತನ್ನಿ.

ಅಪಾರ್ಟ್‌ಮೆಂಟ್ ಸಂಘದಿಂದ ದೂರು ಬಂದಿದ್ದರೆ ಗಾಬರಿ ಬೇಡ. ನಾಯಿ ಸಾಕಬಾರದು ಎಂದು ನಿಷೇಧಿಸುವ ಅಧಿಕಾರ ಸಂಘಗಳಿಗೆ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಎಂದೂ ನಮಗೆ ಹೇಳುತ್ತದೆ. ಪಕ್ಕದ ಮನೆಯವರಿಗೆ ನಂಬರ್ ಕೊಟ್ಟು “ತರಬೇತಿ ನಡೀತಿದೆ ಆಂಟಿ, ಜಾಸ್ತಿ ಬೊಗಳಿದರೆ ದಯವಿಟ್ಟು ಒಂದು ಮೆಸೇಜ್ ಹಾಕಿ” ಎನ್ನಿ. ನೀವಿಲ್ಲದಾಗ ಏನಾಗುತ್ತದೆ ಎಂಬ ಸುದ್ದಿಯೂ ಸಿಗುತ್ತದೆ.

ಹೊಟ್ಟೆ ಕೆಟ್ಟಿದೆ

ಮರಿ ಚುರುಕಾಗಿದ್ದು ಭೇದಿ ಮಾತ್ರ ಸಡಿಲವಿದ್ದರೆ ಮೊದಲ ಅನುಮಾನ ಹಾಲು. ತಾಯಿ ಹಾಲು ಬಿಟ್ಟ ಮರಿಗೆ ಪ್ಯಾಕೆಟ್ ಹಾಲು ಅರಗುವುದು ಕಷ್ಟ. ನಿಲ್ಲಿಸಿ ನೋಡಿ. ಎರಡನೆಯದು ದಿಢೀರ್ ಊಟ ಬದಲಿಸಿದ್ದು. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಒಂದು ವಾರದಲ್ಲಿ ಬದಲಿಸಿ. ಒಂದು ದಿನಕ್ಕೆ ಸರಿಹೋಗದಿದ್ದರೆ ಡಾಕ್ಟರ್.

ನಮ್ಮ ಅಡುಗೆಮನೆಯಲ್ಲಿ ಮರಿಗೆ ವಿಷವಾಗುವ ವಸ್ತುಗಳಿವೆ. ಹುಳಿ, ಪಲ್ಯದ ಈರುಳ್ಳಿ ಬೆಳ್ಳುಳ್ಳಿ. ಕೇಸರಿಬಾತ್, ಪಾಯಸದ ಒಣದ್ರಾಕ್ಷಿ. ಚಾಕೊಲೇಟ್. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಮಾವಿನ ಓಟೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಜ್ವರ, ನೋವಿನ ಮಾತ್ರೆಯನ್ನು ಅರ್ಧ ಚೂರೂ ಕೊಡಬೇಡಿ.

ಇಷ್ಟು ಮಾಡಿಯೂ ಸರಿಹೋಗದಿದ್ದರೆ

ಪ್ರತಿ ಕಾರಣಕ್ಕೂ ಕನಿಷ್ಠ ಒಂದು ವಾರ ಕೊಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಊಟ, ಹಾಸಿಗೆ, ವೇಳೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದೇ ತಿಳಿಯುವುದಿಲ್ಲ. ಆಗಲೂ ಆಗದಿದ್ದರೆ ಟ್ರೈನರ್ ಕರೆಸಿ. ನೀವು ಎದುರಿಗಿರುವಾಗಲೇ, ನಿಮ್ಮ ಮನೆಯಲ್ಲೇ, ನಿಮಗೂ ಕಲಿಸುವವರು ಬೇಕು. ಕತ್ತು ಬಿಗಿಯುವ ಚೋಕ್ ಚೈನ್ ತಂದವರನ್ನು, ಒಂದು ತಿಂಗಳು ಕರೆದುಕೊಂಡು ಹೋಗಿ ಬುದ್ಧಿ ಕಲಿಸಿ ತರುತ್ತೇನೆ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ನಿಮ್ಮ ಮನೆಯಲ್ಲಿ ಹುಟ್ಟಿದ ಅಭ್ಯಾಸವನ್ನು ಬೇರೆ ಕಡೆ ಇಟ್ಟುಕೊಂಡು ಸರಿಮಾಡಲಾಗದು.

ಬರುವವರಿಗೆ ಫ್ರಿಜ್ ಮೇಲಿನ ಹಾಳೆ, ಕಪಾಟಿನ ಮೇಲಿಂದ ತೆಗೆದ ವಿಡಿಯೊ, ಲಸಿಕೆ ಪುಸ್ತಕ ಮೂರನ್ನೂ ತೋರಿಸಿ. ಏನೇನು ಮಾಡಿ ನೋಡಿದಿರಿ, ಯಾವುದರಿಂದ ಸ್ವಲ್ಪವಾದರೂ ಇಳಿಯಿತು ಎಂದು ತಾರೀಖು ಸಮೇತ ಹೇಳಿ.